ಪರದೆಯಾಚೆಯ ಅಂಗಳ

ಭಾನುವಾರ ಬಂತೆಂದರೆ ನನಗೆ ಎರಡು ಕೆಲಸ ತಪ್ಪುವುದಿಲ್ಲ. ಒಂದು, ಅಮ್ಮನ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕುವುದು. ಇನ್ನೊಂದು, ಅವಳಿಗೆ ಊರು ತೋರಿಸುವುದು. 84 ವರ್ಷದ ಮುದುಕಿಯನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂದು ಗಾಬರಿಯಾಗಬೇಡಿ. ಅಮ್ಮ ಜಗಲಿಯ ಕುರ್ಚಿ ಬಿಟ್ಟು ಏಳುವುದೇ ಇಲ್ಲ. ಊರುಗಳೇ ನನ್ನ ಅಂಗೈಯಗಲದ ಫೋನಿನೊಳಗೆ ಸಾಲಾಗಿ ಬಂದು ಅವಳೆದುರು ನಿಲ್ಲುತ್ತವೆ.

ಇದನ್ನು ಶುರು ಮಾಡಿದವಳು ನನ್ನ ತಂಗಿಯ ಮಗಳು. ಅವಳು ಮದುವೆಯಾಗಿ ಅಮೆರಿಕದ ಮಿನಿಯಾಪೊಲಿಸ್ ಸೇರಿ ನಾಲ್ಕು ವರ್ಷವಾಯಿತು. ಅಲ್ಲಿಯತನಕ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರುತ್ತಿದ್ದದ್ದು ನಿಮ್ಮೆಲ್ಲರ ಮನೆಯಲ್ಲೂ ಬರುವಂಥದ್ದೇ. ಗುಲಾಬಿ ಹೂವಿನ ಮೇಲೆ ಶುಭೋದಯ, ದೀಪದ ಪಕ್ಕ ಶುಭರಾತ್ರಿ, ನಡುವೆ ಮಧುಮೇಹಕ್ಕೆ ಬೆಂಡೆಕಾಯಿ ನೀರು. ಒಂದು ದಿನ ಅವಳಿಗೆ ರೋಸಿಹೋಗಿರಬೇಕು. "ದೊಡ್ಡಮ್ಮ, ಇನ್ನು ಮೇಲೆ ಭಾನುವಾರ ಎಲ್ಲರೂ ಒಂದೊಂದು ಫೋಟೊ ಹಾಕಬೇಕು. ನೀವಿರುವ ಮನೆಯ ಬಾಗಿಲಲ್ಲಿ ನಿಂತರೆ ಏನು ಕಾಣುತ್ತದೋ ಅದು. ಜನ ಇರಬಾರದು, ಪ್ರವಾಸಕ್ಕೆ ಹೋದಲ್ಲಿಯದ್ದು ಇರಬಾರದು" ಎಂದು ಕಟ್ಟಳೆ ಮಾಡಿದಳು. ಮೊದಲ ವಾರ ಅವಳದ್ದೇ ಬಂತು. ರಸ್ತೆ, ಮರ, ನಿಲ್ಲಿಸಿದ ಕಾರು ಎಲ್ಲದರ ಮೇಲೂ ಹಿಮ. ಬೆಳಿಗ್ಗೆ ಮೈನಸ್ 20 ಡಿಗ್ರಿ ಇತ್ತಂತೆ.

ಅಮ್ಮ ಅದನ್ನು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ನೋಡಿದಳು. ನಾವೆಲ್ಲ "ಆಹಾ, ಎಷ್ಟು ಚೆಂದ" ಎಂದು ಬರೆದು ಮುಗಿಸಿದ್ದೆವು. ಅಮ್ಮ ಕೇಳಿದ್ದೇ ಬೇರೆ. "ಇಲ್ಲಿ ಬಟ್ಟೆ ಎಲ್ಲಿ ಒಣಗಿಸ್ತಾಳೆ? ಮನೆಗೆ ನೀರು ಎಲ್ಲಿಂದ ಬರ್ತದೆ?"

ಅಂದಿನಿಂದ ಯಾವ ಊರಿನ ಪಟ ಬಂದರೂ ಅಮ್ಮನ ಪ್ರಶ್ನೆ ಇವೆರಡೇ. ಮಸ್ಕತ್‌ನಲ್ಲಿರುವ ಅಣ್ಣನ ಮಗ ಬೋಳು ಕಂದು ಗುಡ್ಡಗಳ ಪಟ ಕಳಿಸಿದ. ನನಗೆ ಅದು ಸುಟ್ಟ ಇಟ್ಟಿಗೆಯ ರಾಶಿಯಂತೆ ಕಂಡಿತು. ಅಮ್ಮ ಮಾತ್ರ "ಒಂದು ಮರವೂ ಇಲ್ಲ, ಇವರು ನೀರಿಗೆ ಏನು ಮಾಡ್ತಾರೆ?" ಎಂದಳು. ಸಮುದ್ರದ ನೀರನ್ನೇ ಉಪ್ಪು ತೆಗೆದು ಕುಡಿಯಲು ಕೊಡುತ್ತಾರೆಂದು ಅವನು ತಿಳಿಸಿದಾಗ, ಆ ಉಪ್ಪನ್ನೆಲ್ಲ ಏನು ಮಾಡುತ್ತಾರೆಂದು ಕೇಳಿ ಅವನ ಬಾಯಿ ಮುಚ್ಚಿಸಿದಳು.

ಬೆಂಗಳೂರಿನ ನನ್ನ ತಂಗಿಯದ್ದು ಮಾತ್ರ ಮೂರು ವಾರ ಒಂದೇ ಥರ ಬಂತು. ಹದಿನಾಲ್ಕನೇ ಮಹಡಿಯಿಂದ ತೆಗೆದ ಸೂರ್ಯೋದಯ. ಕೇಸರಿ ಆಕಾಶ, ಎರಡು ಹಕ್ಕಿ. ನಾಲ್ಕನೇ ವಾರ ಅಮ್ಮ ಅವಳಿಗೆ ಫೋನ್ ಮಾಡಿಸಿಯೇ ಬಿಟ್ಟಳು. "ಆಕಾಶ ನನಗೂ ಕಾಣ್ತದೆ ಮಾರಾಯ್ತಿ. ನಿನ್ನ ಮನೆ ಎದುರಿಗೆ ಎಂತ ಇದೆ, ಅದನ್ನು ತೋರ್ಸು." ತಂಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಕ್ಯಾಮೆರಾ ಕೆಳಗೆ ಬಾಗಿಸಿ ಒಂದು ಪಟ ಕಳಿಸಿದಳು. ಎದುರಿಗೆ ಇನ್ನೊಂದು ಹದಿನಾಲ್ಕು ಮಹಡಿಯ ಕಟ್ಟಡ ಏಳುತ್ತಿತ್ತು. ಹಸಿರು ಬಲೆ, ಕಬ್ಬಿಣದ ಸರಳು, ತಗಡಿನ ಶೆಡ್ಡುಗಳು. ಶೆಡ್ಡುಗಳ ನಡುವೆ ಟ್ಯಾಂಕರ್ ಒಂದು ನಿಂತಿತ್ತು. ಹೆಂಗಸೊಬ್ಬಳು ಹಗ್ಗ ಕಟ್ಟಿ ಸೀರೆ ಹರವುತ್ತಿದ್ದಳು. ಜನ ಇರಬಾರದೆಂಬ ಕಟ್ಟಳೆ ಮುರಿದಿತ್ತು. ಆದರೆ ಅಮ್ಮನ ಎರಡೂ ಪ್ರಶ್ನೆಗೆ ಒಂದೇ ಪಟದಲ್ಲಿ ಉತ್ತರ ಸಿಕ್ಕಿತ್ತು. "ಹಾಂ, ಇದು ಊರು" ಎಂದಳು ಅಮ್ಮ.

ನಾವು ಎಲ್ಲಿರುತ್ತೇವೋ ಆ ಜಾಗವನ್ನು ಪಟ ತೆಗೆದು ನಮಗೆ ಅಭ್ಯಾಸವೇ ಇಲ್ಲ. ನಾನು ಚಿಕ್ಕವಳಿದ್ದಾಗ ಮಾವನ ಹತ್ತಿರ ಒಂದು ಆಗ್ಫಾ ಕ್ಲಿಕ್ ಕ್ಯಾಮೆರಾ ಇತ್ತು. ಒಂದು ರೀಲಿಗೆ 12 ಪಟ. ಆ ಹನ್ನೆರಡನ್ನು ರೇಷನ್ ಸಕ್ಕರೆಯ ಹಾಗೆ ಹಂಚುತ್ತಿದ್ದರು. ನಾಮಕರಣಕ್ಕೆ ಎರಡು, ಉಪನಯನಕ್ಕೆ ನಾಲ್ಕು, ಜೋಗಕ್ಕೆ ಹೋದಾಗ ಜಲಪಾತಕ್ಕೆ ಬೆನ್ನು ಹಾಕಿ ನಿಂತು ಎರಡು. ಆಮೇಲೆ 36 ಪಟದ ರೀಲು ಬಂತು, ಬಣ್ಣ ಬಂತು, ಗುಂಡಿ ಒತ್ತಿದರೆ ತೆಗೆಯುವ ಹಾಟ್‌ಶಾಟ್ ಬಂತು. ಆಗಲೂ ಖಾಲಿ ಅಂಗಳದ ಮುಂದೆ ಕ್ಯಾಮೆರಾ ಹಿಡಿದರೆ "ಯಾರೂ ಇಲ್ಲದ್ದಕ್ಕೆ ಯಾಕೆ ರೀಲು ಹಾಳು ಮಾಡ್ತಿ?" ಎಂದು ಬೈಗುಳ ಬೀಳುತ್ತಿತ್ತು. ಸ್ಟುಡಿಯೊಕ್ಕೆ ಹೋದರಂತೂ ಕೇಳುವುದೇ ಬೇಡ. ಹಿಂದೆ ಬಣ್ಣದಲ್ಲಿ ಬರೆದ ಪರದೆ. ಅದರಲ್ಲಿ ಸರೋವರ, ದೋಣಿ, ಹಿಮದ ಬೆಟ್ಟ, ಮಗ್ಗುಲಲ್ಲೊಂದು ಗ್ರೀಕರ ಕಂಬ. ಸುತ್ತ ಹಸಿರು ಕಾಡು ತುಂಬಿದ ಮಲೆನಾಡಿನವರು ಬಸ್ಸು ಹತ್ತಿ ಪೇಟೆಗೆ ಬಂದು, ಯಾರೋ ಬರೆದ ಸುಳ್ಳು ಬೆಟ್ಟದ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು.

ನಮ್ಮ ಮನೆಯ ಮಟ್ಟಿಗೆ ಈ ಅಭ್ಯಾಸದ ಬೆಲೆ ಸ್ವಲ್ಪ ಹೆಚ್ಚೇ ಆಯಿತು. ಏಕೆಂದರೆ ಅಮ್ಮ ಮದುವೆಯಾಗಿ ಬಂದ ಮನೆ ಈಗ ಶರಾವತಿಯ ನೀರಿನ ಅಡಿಯಲ್ಲಿದೆ.

ಅಮ್ಮನ ಮದುವೆಯಾದದ್ದು 1958ರಲ್ಲಿ. ಆಗ ಅವಳಿಗೆ 17 ವರ್ಷ, ಅಪ್ಪನಿಗೆ 25. ಹೊಳೆದಂಡೆಯಿಂದ ಸ್ವಲ್ಪ ಮೇಲೆ ಅಡಿಕೆ ತೋಟ, ತೋಟದ ತಲೆಯಲ್ಲಿ ಮಣ್ಣಿನ ಗೋಡೆಯ ಹಂಚಿನ ಮನೆ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಏಳುತ್ತಿದೆ, ಊರು ಮುಳುಗುತ್ತದೆ ಎಂಬ ಮಾತು ಗಾಳಿಯಲ್ಲಿ ಓಡಾಡುತ್ತಿದ್ದರೂ ಯಾರೂ ಪೂರ್ತಿ ನಂಬಿರಲಿಲ್ಲ. ಅದಕ್ಕೆ ಕಾರಣವಿತ್ತು. ಅದೇ ಹೊಳೆಗೆ ಹಿರೇಭಾಸ್ಕರದಲ್ಲಿ ಮೊದಲೇ ಒಂದು ಅಣೆಕಟ್ಟು ಕಟ್ಟಿದ್ದರು. 1948ರಿಂದ ಜೋಗದ ವಿದ್ಯುದಾಗಾರಕ್ಕೆ ನೀರು ಹೋಗುತ್ತಿದ್ದದ್ದು ಅದರಿಂದಲೇ. ಅಷ್ಟಾಗಿಯೂ ನಮ್ಮ ಮನೆಯ ಹೊಸಿಲಿಗೆ ನೀರು ಬಂದಿರಲಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಹಳೆಯ ಅಣೆಕಟ್ಟೂ ಮುಳುಗಿತು. ಇನ್ನು ನಮ್ಮ ಮಣ್ಣಿನ ಗೋಡೆಯದ್ದೇನು ಲೆಕ್ಕ? ಅದರ ತುಂಬಿದ ಮಟ್ಟ 1819 ಅಡಿ. ಈ ಸಂಖ್ಯೆಯನ್ನು ನಮ್ಮ ಮನೆಯಲ್ಲಿ ಮಕ್ಕಳು ಮಗ್ಗಿಯ ಜೊತೆ ಕಲಿಯುತ್ತಿದ್ದರು. ಇಂದಿಗೂ ಮಳೆಗಾಲದಲ್ಲಿ ಅಮ್ಮ ಪತ್ರಿಕೆಯಲ್ಲಿ ಮೊದಲು ಓದಿಸುವುದು ಲಿಂಗನಮಕ್ಕಿಯ ನೀರಿನ ಮಟ್ಟವನ್ನೇ.

ಅಪ್ಪ ತೊಲೆ, ಬಾಗಿಲು, ಹಂಚು ಇಳಿಸಿ ಲಾರಿಗೆ ಹೇರಿಕೊಂಡು ಶಿವಮೊಗ್ಗದ ಕಡೆ ಕಾಡು ಕಡಿದು ಕೊಟ್ಟ ಜಾಗಕ್ಕೆ ಬಂದರು. ನಾನು ಹುಟ್ಟಿದ್ದು ಅಲ್ಲಿಗೆ ಬಂದ ಮೇಲೆ. ಹಾಗೆ ಬಂದ ಎಷ್ಟೋ ಕುಟುಂಬಗಳ ಹಕ್ಕುಪತ್ರದ ತಕರಾರು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಆ ಕಾಲದ ಸಂಕಟವನ್ನು ಸಾಗರದವರೇ ಆದ ನಾ. ಡಿಸೋಜರು ಕಾದಂಬರಿಗಳಲ್ಲಿ ಬರೆದರು. ಅವರ 'ದ್ವೀಪ' 2002ರಲ್ಲಿ ಗಿರೀಶ ಕಾಸರವಳ್ಳಿಯವರ ಕೈಯಲ್ಲಿ ಸಿನಿಮಾ ಆಯಿತು. ಅದನ್ನು ಟಿ.ವಿ.ಯಲ್ಲಿ ನೋಡಿದಾಗ ಅಮ್ಮ ಅಳುತ್ತಾಳೆಂದು ನಾನು ನೀರಿನ ಲೋಟ ಹಿಡಿದು ಕೂತಿದ್ದೆ. ಅವಳು ಅಳಲಿಲ್ಲ. ಪರದೆಯ ಮೂಲೆಮೂಲೆ ಹುಡುಕುತ್ತಿದ್ದಳು. ಯಾರದೋ ಮನೆಯಲ್ಲಿ ತನ್ನ ಮನೆ ಕಂಡೀತೇನೋ ಎಂಬಂತೆ.

ನಿಜವಾದ ಜಾಗವನ್ನೇ ನೋಡಲು ಒಮ್ಮೆ ಹೋಗಿದ್ದೆವು. 2016ರಲ್ಲಿ ಮಳೆ ಕೈಕೊಟ್ಟಿತ್ತು. ಮರುವರ್ಷದ ಮೇ ತಿಂಗಳಲ್ಲಿ ಹಿನ್ನೀರು ದೂರ ಸರಿದಿತ್ತು. ಅಣ್ಣ ಜೀಪು ಮಾಡಿಕೊಂಡು ಅಮ್ಮನನ್ನೂ ನನ್ನನ್ನೂ ಕರೆದೊಯ್ದ. ಬಿರುಕು ಬಿಟ್ಟ ಕೆಸರು, ಕಪ್ಪಗೆ ನಿಂತ ಮರದ ಬೊಡ್ಡೆಗಳು, ಎಲ್ಲಿಂದ ಎಲ್ಲಿಗೋ ಹೋಗುವ ಹಳೆಯ ರಸ್ತೆಯ ಕಲ್ಲು. ಅಣ್ಣ ನೂರಾರು ಪಟ ತೆಗೆದ. ಅಮ್ಮ ಕೊಡೆ ಹಿಡಿದು ಆ ಬಯಲಲ್ಲಿ ನಿಂತು ಎಡಕ್ಕೂ ಬಲಕ್ಕೂ ನೋಡಿದಳು. "ಗುಡ್ಡ ಅದೇ. ಆದ್ರೆ ಎದುರಿಗೆ ಮನೆ ಇದ್ರೆ ತಾನೇ ಗುಡ್ಡ ಎಲ್ಲಿದೆ ಅಂತ ಗೊತ್ತಾಗೋದು" ಎಂದಳು. ಅರ್ಧ ಗಂಟೆಯಲ್ಲಿ ಹೊರಡೋಣ ಎಂದಳು. ಆ ನೂರಾರು ಪಟಗಳನ್ನು ಮತ್ತೆ ತೆರೆದು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ.

ಮದುವೆಯಾಗಿ ಮನೆ ತುಂಬಿದ ದಿನ ಸಾಗರದಿಂದ ಫೋಟೊಗ್ರಾಫರ್ ಒಬ್ಬರನ್ನು ಕರೆಸಿ ಅಪ್ಪ ಅಮ್ಮನ ಪಟ ತೆಗೆಸಿದ್ದರು. ಅದೂ ಅದೇ ಮನೆಯ ಅಂಗಳದಲ್ಲಿ. ಆದರೆ ಆ ಪುಣ್ಯಾತ್ಮರಿಗೆ ಹಿಂದಿನ ಮಣ್ಣಿನ ಗೋಡೆ ಕಾಣಬಾರದು ಎನ್ನಿಸಿರಬೇಕು. ಅಡಿಕೆ ಒಣಗಿಸುವ ಚಪ್ಪರದ ಕಂಬಕ್ಕೆ ಒಂದು ಜಮಖಾನ ಇಳಿಬಿಟ್ಟು, ಅದರ ಮುಂದೆ ಇಬ್ಬರನ್ನೂ ನಿಲ್ಲಿಸಿದರು. ಮನೆಯೆದುರೇ ತೆಗೆದ ಪಟದಲ್ಲಿ ಮನೆಯೇ ಇಲ್ಲ, ಬರೀ ಜಮಖಾನದ ಪಟ್ಟೆ.

1993ರಲ್ಲಿ ಅಪ್ಪನಿಗೆ 60 ತುಂಬಿದಾಗ, ಶಾಂತಿಯ ದಿನ ಕೊಡಲೆಂದು ಆ ಪಟವನ್ನು ದೊಡ್ಡದು ಮಾಡಿಸಲು ನಾನೇ ಒಂದು ಸ್ಟುಡಿಯೊಕ್ಕೆ ಒಯ್ದೆ. ರಟ್ಟಿಗೆ ಅಂಟಿಸಿದ್ದ ಪಟ, ಅಂಚಿಗೆ ಬೂಷ್ಟು ಹಿಡಿದಿತ್ತು. ಅಂಗಡಿಯ ಹುಡುಗ ನೋಡಿ, "ಮೇಡಂ, ಬಲಗಡೆ ಜಮಖಾನ ಸಾಲದೆ ಏನೇನೋ ಕಾಣ್ತಾ ಇದೆ, ಗಲೀಜು. ಕಟ್ ಮಾಡಲಾ?" ಎಂದು ಕೇಳಿದ. ನನಗಿನ್ನೂ ನೆನಪಿದೆ, ನಾನು ಆ ಕಡೆ ಸರಿಯಾಗಿ ನೋಡಲೂ ಇಲ್ಲ. "ಮಾಡಿ, ನೀಟಾಗಿ ಬರಲಿ" ಎಂದೆ. ದೊಡ್ಡ ಪಟವನ್ನು ಕಟ್ಟು ಹಾಕಿಸಿ ತಂದೆ. ಹಳೆಯದನ್ನು ಆಮೇಲೆ ತಂದರಾಯಿತೆಂದು ಬಿಟ್ಟೆ. ಆ ಆಮೇಲೆ ಎನ್ನುವುದು ಮಕ್ಕಳ ಪರೀಕ್ಷೆ, ಮನೆಯವರ ವರ್ಗಾವಣೆಯಲ್ಲಿ ವರ್ಷಕ್ಕೆ ಹೋಯಿತು. ಹೋಗಿ ಕೇಳಿದಾಗ ಹಳೆಯದನ್ನೆಲ್ಲ ಗುಡಿಸಿ ಹಾಕಿಯಾಗಿತ್ತು. ಒಂದು ವರ್ಷ ಬಿಟ್ಟು ಬಂದವಳಿಗೆ ಅವರನ್ನು ಕೇಳುವ ಬಾಯಿ ಎಲ್ಲಿತ್ತು?

ಶಾಂತಿಯ ದಿನ ಅಪ್ಪ ದೊಡ್ಡ ಪಟ ನೋಡಿ ಎಲ್ಲರಿಗೂ ತೋರಿಸಿ ಸಂಭ್ರಮಪಟ್ಟರು. ಅಮ್ಮ ಸೆರಗಿನ ತುದಿಯಲ್ಲಿ ಗಾಜು ಒರೆಸಿದಳು. ಬಲಗಡೆಯ ಅಂಚನ್ನು ಇನ್ನೊಮ್ಮೆ ಒರೆಸಿದಳು. "ಚೆನ್ನಾಗಿ ಬಂದಿದೆ" ಎಂದಳು. ಅಷ್ಟೇ. ಆ ಎರಡನೇ ಸಲದ ಒರೆಸುವಿಕೆ ನನ್ನ ಕಣ್ಣಿಗೆ ಬಿದ್ದಿತ್ತು. ಅರ್ಥವಾಗಲು ಮೂವತ್ತೆರಡು ವರ್ಷ ಬೇಕಾಯಿತು.

2025ರ ಜುಲೈಯಲ್ಲಿ ಸಿಗಂದೂರಿನ ಸೇತುವೆ ಶುರುವಾಯಿತಲ್ಲ, ಆ ವಾರ ನಮ್ಮ ಗುಂಪಿನ ತುಂಬ ಅದರದ್ದೇ ಪಟ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಹಿನ್ನೀರಿನ ಮೇಲೆ ಎರಡೂವರೆ ಕಿಲೋಮೀಟರಿಗೆ ಹತ್ತಿರದ ಸೇತುವೆ. ತುಮರಿ ಕಡೆಯವರು ಅರವತ್ತು ವರ್ಷ ಕಾಯಿಲೆಗೂ ಬಾಣಂತನಕ್ಕೂ ಲಾಂಚನ್ನೇ ನಂಬಿದ್ದವರು. ಅವರ ಪಾಲಿಗೆ ಅದು ಹಬ್ಬವೇ. ಒಬ್ಬೊಬ್ಬರೂ ಹೋಗಿ ನಿಂತು ಪಟ ತೆಗೆಸಿಕೊಂಡು ಹಾಕಿದರು. ಅಮ್ಮ ಎಲ್ಲ ನೋಡಿದಳು. "ಸೇತುವೆ ಚೆನ್ನಾಗಿದೆ. ಆ ಕಡೆಯ ಹೆಣ್ಣುಮಕ್ಕಳಿಗೆ ಇನ್ನು ಮಳೆಗಾಲದ ಹೆದರಿಕೆ ಇಲ್ಲ" ಎಂದಳು. ಆಮೇಲೆ, "ಎಲ್ಲರ ಊರೂ ಬಂತು. ನಂದು ಮಾತ್ರ ಇಲ್ಲ" ಎಂದಳು. ದೂರಿನ ದನಿಯೇನಲ್ಲ. ಸಾರಿಗೆ ಉಪ್ಪು ಕಡಿಮೆ ಎಂದಷ್ಟೇ ಸಹಜವಾಗಿ.

ನನಗೆ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಗೋಡೆಯ ಮೇಲಿದ್ದ ಆ ದೊಡ್ಡ ಪಟವನ್ನೇ ಫೋನಿನಲ್ಲಿ ತೆಗೆದು, "ಇದು ಅಮ್ಮನ ವಾರ. ಊರು ಜಮಖಾನದ ಹಿಂದಿದೆ, ಕ್ಷಮಿಸಿ" ಎಂದು ಬರೆದು ಹಾಕಿದೆ.

ಎಲ್ಲರೂ ಕೈಮುಗಿದರು, ಹೃದಯದ ಗುರುತು ಒತ್ತಿದರು. ಸ್ವಲ್ಪ ಹೊತ್ತಿಗೆ ಶಿರಸಿಯ ಅತ್ತಿಗೆಯಿಂದ ಒಂದು ಸಾಲು ಬಂತು. "ಈ ಫೋಟೊ ನಮ್ಮನೆಯಲ್ಲೂ ಇದೆ. ಅತ್ತೆಯವರ ಟ್ರಂಕಿನಲ್ಲಿತ್ತು. ನಮ್ಮದು ಸ್ವಲ್ಪ ಅಗಲ ಇದ್ದ ಹಾಗಿದೆ." ಅತ್ತೆಯೆಂದರೆ ನನ್ನ ಅಪ್ಪನ ತಂಗಿ. ಅವಳು ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅವಳಿಗೂ ಒಂದು ಪ್ರತಿ ಕೊಟ್ಟಿದ್ದರೆಂದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ. ಹತ್ತು ನಿಮಿಷದಲ್ಲಿ ಆ ಪಟ ಬಂತು. ಟ್ಯೂಬ್‌ಲೈಟಿನ ಹೊಳಪು ಬಿದ್ದಿತ್ತು, ಒಂದು ಮೂಲೆಯಲ್ಲಿ ಅತ್ತಿಗೆಯ ಹೆಬ್ಬೆರಳೂ ಬಂದಿತ್ತು. ಆದರೆ ಬಲಗಡೆ ಜಮಖಾನ ಮುಗಿದ ಮೇಲೂ ಪಟ ಮುಗಿದಿರಲಿಲ್ಲ. ನಾಲ್ಕು ಬೆರಳಗಲ ಅಂಗಳ ಉಳಿದಿತ್ತು.

ನಾನು ಎರಡು ಬೆರಳಲ್ಲಿ ಅದನ್ನು ಹಿಗ್ಗಿಸಿ ಅಮ್ಮನ ಮುಂದೆ ಹಿಡಿದೆ.

ಅಮ್ಮ ಮಾತಾಡಲಿಲ್ಲ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡಳು. ಈವರೆಗೆ ಅವಳು ಅದನ್ನು ಮುಟ್ಟಲು ಹೆದರುತ್ತಿದ್ದವಳು. ಬಹಳ ಹೊತ್ತಿನ ಮೇಲೆ, "ದಬ್ಬೆ ಇದೆ ನೋಡು" ಎಂದಳು. ಗುಡ್ಡದ ಅಬ್ಬಿಯ ನೀರನ್ನು ಮನೆಗೆ ತರಲು ಹಾಕಿದ್ದ, ಸೀಳಿದ ಅಡಿಕೆ ಮರದ ದಬ್ಬೆ. ಅದರ ತುದಿ ಕಾಣುತ್ತಿತ್ತು. ಕೆಳಗೆ ಕಲ್ಲಿನ ಮರಿಗೆ. ಬೀಳುವ ನೀರು ಪಟದಲ್ಲಿ ಒಂದು ಬಿಳಿಯ ಗೀರಾಗಿ ನಿಂತಿತ್ತು. "ಹಗಲೂ ರಾತ್ರಿ ಬೀಳ್ತಿತ್ತು. ಬಂದ ಹೊಸದರಲ್ಲಿ ಆ ಸದ್ದಿಗೆ ನಂಗೆ ನಿದ್ದೆ ಬರ್ತಿರಲಿಲ್ಲ. ಬಿಟ್ಟು ಬಂದ ಮೇಲೆ ಆ ಸದ್ದಿಲ್ಲದೆ ನಿದ್ದೆ ಬರಲಿಲ್ಲ." ಮರಿಗೆಯ ಮೇಲಕ್ಕೆ ಒಂದು ಬಳ್ಳಿ ಹಗ್ಗ, ಅದರ ಮೇಲೆ ಒಂದು ಮಗುವಿನ ಅಂಗಿ. "ಇದು ನಿಮ್ಮ ದೊಡ್ಡಪ್ಪನ ಮಗನದ್ದು. ಮದುವೆ ದಿನವೂ ಒಗೆದು ಹಾಕಿದ್ದಾರೆ ನೋಡು, ಬೈಸ್ಕೊಂಡಿದ್ದಳು ಅಕ್ಕ."

ನೀರು ಎಲ್ಲಿಂದ ಬರ್ತದೆ, ಬಟ್ಟೆ ಎಲ್ಲಿ ಒಣಗಿಸ್ತಾರೆ. ಪ್ರಪಂಚದ ಎಲ್ಲ ಊರಿನ ಪಟದಲ್ಲೂ ಅಮ್ಮ ಏನನ್ನು ಹುಡುಕುತ್ತಿದ್ದಳೆಂದು ನನಗೆ ಆಗ ಹೊಳೆಯಿತು.

ಅಂಚಿನ ಕೊನೆಗೆ ಜಗಲಿಯ ಕಂಬವಿತ್ತು. ಕಂಬದ ಮೇಲೆ ಒಂದು ಕೈ. ಕೈ ಮಾತ್ರ, ಬಳೆಯಿಲ್ಲದ್ದು. ಮುಖ ಕಂಬದ ಹಿಂದಿತ್ತು. ನಾನು ಯಾರದೆಂದು ಕೇಳಿದೆ. "ದೊಡ್ಡತ್ತೆ" ಎಂದಳು ಅಮ್ಮ. ಅಪ್ಪನ ಸೋದರತ್ತೆ. ಒಂಬತ್ತನೇ ವಯಸ್ಸಿಗೆ ಗಂಡನನ್ನು ಕಳೆದುಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆಯುಟ್ಟು ಅದೇ ಮನೆಯಲ್ಲಿ ಬದುಕು ಸವೆಸಿದವಳು. ಅಪ್ಪನನ್ನು ಬೆಳೆಸಿದವಳೇ ಅವಳು. ಆದರೂ ಶುಭಕಾರ್ಯದ ಪಟಕ್ಕೆ ಬರುವಂತಿರಲಿಲ್ಲ. "ಫೋಟೊ ಹೇಗೆ ತೆಗೀತಾರೆ ಅಂತ ನೋಡುವ ಆಸೆ ಅವರಿಗೆ. ಕಂಬದ ಹಿಂದೆ ನಿಂತಿದ್ರು. ನಂಗೆ ಗೊತ್ತಿತ್ತು, ಕೈ ಬಂದಿದೆ ಅಂತ. ಅವರಿಗೂ ತೋರ್ಸಿದ್ದೆ. ಯಾರಿಗೂ ಹೇಳಬೇಡ ಅಂದಿದ್ರು, ನಕ್ಕಿದ್ರು. ಹೊಸ ಊರಿಗೆ ಬಂದ ಮರುವರ್ಷವೇ ಹೋಗ್ಬಿಟ್ರು."

ಅವಳ ಇನ್ನೊಂದು ಪಟ ಎಲ್ಲೂ ಇಲ್ಲ. 1993ರಲ್ಲಿ ನಾನು ನೀಟಾಗಿ ಬರಲಿ ಎಂದು ಕತ್ತರಿಸಿ ಹಾಕಿಸಿದ್ದು ಆ ಕೈಯನ್ನು.

"ಅಮ್ಮ, ಆವತ್ತೇ ನನಗೆ ಬೈಯಬಾರದಿತ್ತಾ?" ಎಂದು ಕೇಳಿದೆ. ನನ್ನ ಗಂಟಲು ಕಟ್ಟಿತ್ತು.

"ನೀನು ಅಷ್ಟು ಖುಷಿಯಿಂದ ಕಟ್ಟು ಹಾಕ್ಸಿ ತಂದಿದ್ದೆ. ಬೈದ್ರೆ ಅದು ವಾಪಸ್ಸು ಬರ್ತಿತ್ತಾ?" ಎಂದಳು. ಸ್ವಲ್ಪ ತಡೆದು, "ಕತ್ತರಿಸಿದ್ದು ನೀನೊಬ್ಬಳೇ ಅಲ್ಲ. ಅವರು ಮೊದಲೇ ಜಮಖಾನ ಕಟ್ಟಿದ್ರಲ್ಲ" ಎಂದು ಸೇರಿಸಿದಳು.

ಆ ಸಂಜೆ ಅಮ್ಮ ಆ ನಾಲ್ಕು ಬೆರಳಗಲದ ಅಂಗಳದಿಂದ ಹೊರಟು ಇಡೀ ಮನೆಯನ್ನು ತಿರುಗಾಡಿದಳು. ಮರಿಗೆಯ ಪಕ್ಕ ಬಚ್ಚಲು, ಬಚ್ಚಲಿನ ಹಿಂದೆ ಬಾಳೆ, ಬಾಳೆ ದಾಟಿದರೆ ಕೊಟ್ಟಿಗೆ, ಕೊಟ್ಟಿಗೆಯ ಮೇಲೆ ಮಳೆಗಾಲದ ಸೌದೆ. ನಾನು ಅವಳ ಮಾತನ್ನು ಫೋನಿನಲ್ಲೇ ಹಿಡಿದು ಗುಂಪಿಗೆ ಹಾಕಿದೆ. ಮಿನಿಯಾಪೊಲಿಸ್‌ನಲ್ಲಿ ಆಗಷ್ಟೇ ಬೆಳಗಾಗಿತ್ತು. ಅಜ್ಜಿಯ ದನಿ ಕೇಳುತ್ತಾ ಮೊಮ್ಮಗಳು ಒಂದು ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಕಳಿಸಿದಳು. ಕೊಟ್ಟಿಗೆಯನ್ನು ತಪ್ಪು ದಿಕ್ಕಿಗೆ ಹಾಕಿದ್ದಳು. ಅಮ್ಮ ಅದನ್ನು ಎರಡು ಸಲ ತಿದ್ದಿಸಿದಳು. ಅವಳು ಇಷ್ಟು ಗಟ್ಟಿಯಾಗಿ ಜಗಳವಾಡಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು.

ಮುಂದಿನ ಭಾನುವಾರ ನಮ್ಮ ಸರದಿ. ಸಾಗರದ ನಮ್ಮ ಮನೆಯ ಹಿತ್ತಲನ್ನು ಹಾಕೋಣವೆಂದು ಫೋನು ಹಿಡಿದು ಹೊರಟೆ. ಹಿತ್ತಲೆಂದರೆ ದೊಡ್ಡದೇನಲ್ಲ. ಒಂದು ಕರಿಬೇವು, ಎರಡು ದಾಸವಾಳ, ಸಿಮೆಂಟಿನ ಒಗೆಯುವ ಕಲ್ಲು, ಪಕ್ಕದ ಮನೆಯ ನೀರಿನ ಟ್ಯಾಂಕು. ತಂತಿಯ ಮೇಲೆ ನನ್ನ ಹಳೆಯ ನೈಟಿ, ಮನೆಯವರ ಲುಂಗಿ, ಒರೆಸುವ ಬಟ್ಟೆ ಸಾಲಾಗಿ ನೇತಾಡುತ್ತಿದ್ದವು. ಅಮೆರಿಕ, ಮಸ್ಕತ್‌ನವರೆಲ್ಲ ನೋಡುವ ಪಟ. ಅವನ್ನಾದರೂ ಸರಿಸೋಣವೆಂದು ಕೈಯೆತ್ತಿದೆ.

ಬಾಗಿಲಲ್ಲಿ ಕೋಲೂರಿ ನಿಂತಿದ್ದ ಅಮ್ಮ ಹೇಳಿದಳು:

"ತೆಗೀಬೇಡ. ಇರಲಿ. ನಲ್ಲಿಯೂ ಕಾಣುವ ಹಾಗೆ ತೆಗಿ."

ತೆಗೆದೆ. ಬಲಗಡೆಯ ಅಂಚಿನಲ್ಲಿ, ಬಾಗಿಲ ಚೌಕಟ್ಟಿನ ಮೇಲೆ, ಅಮ್ಮನ ಕೈ ಬಂದಿದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ.